ಶೆಲ್ ತೆರೆದ ಕೂಡಲೇ ಎದುರಾಗುವ ಬೇಡದ ಫಂಕ್ಷನ್‌ಗಳು

ತುಂಗಾತೀರ
ಫೆಡೋರಾ ಎಂಬ ಲಿನಕ್ಸ್ ವಿತರಣೆಯಲ್ಲಿ ಟರ್ಮಿನಲ್ ತೆರೆದು, ಬೇರೆ ಏನನ್ನೂ ಮಾಡುವ ಮೊದಲು, ನಾವು ಬರೆದ ಆದೇಶಗಳನ್ನು ನಡೆಸುವ ಶೆಲ್ ಆದ ಬ್ಯಾಶ್‌ನ ‘ಡಿಕ್ಲೇರ್’ ಆದೇಶವನ್ನು ದೊಡ್ಡಕ್ಷರದ ಎಫ್ ಆಯ್ಕೆಯೊಂದಿಗೆ ಕೊಟ್ಟು ನೋಡಿ. ನೀವು ಬರೆಯದ ಫಂಕ್ಷನ್‌ಗಳ (ಹೆಸರಿಟ್ಟ ಆದೇಶಗುಂಪುಗಳ) ಪಟ್ಟಿ ಉದ್ದಕ್ಕೆ ಇಳಿಯುತ್ತದೆ. ಅವುಗಳಲ್ಲಿ ನನಗೆ ಸಿಟ್ಟು ತರಿಸುವವು ಆರು: ಗಾಕ್‌ಪಾತ್_ಡಿಫಾಲ್ಟ್, ಗಾಕ್‌ಪಾತ್_ಪ್ರಿಪೆಂಡ್, ಗಾಕ್‌ಪಾತ್_ಅಪೆಂಡ್, ಮತ್ತೆ ಇವೇ ಮೂರು ಗಾಕ್‌ಲಿಬ್‌ಪಾತ್ ಎಂಬ ಹೆಸರಿನಲ್ಲಿ. ಪಠ್ಯ ಸಂಸ್ಕರಣೆಯ ಆಕ್ ಭಾಷೆಯನ್ನು ಓಡಿಸುವ ಗಾಕ್ ಪ್ಯಾಕೇಜ್, ಶೆಲ್ ಶುರುವಾಗುವಾಗ ಓದುವ /ಈಟಿಸಿ/ಪ್ರೊಫೈಲ್.ಡಿ ಒಳಗೆ ಇಡುವ ಒಂದು ಪುಟ್ಟ ಫೈಲಿನಿಂದ ಇವು ಬರುತ್ತವೆ. ಆಕ್ ಭಾಷೆಯ ಕೋಡ್ ಗ್ರಂಥಾಲಯಗಳನ್ನು ಹುಡುಕುವ ದಾರಿಯನ್ನು ಬದಲಿಸುವುದಷ್ಟೇ ಇವುಗಳ ಕೆಲಸ. ಆ ಕೆಲಸ ಎಷ್ಟು ಜನರಿಗೆ ಬೇಕು? ‘ಜಿಎಡಬ್ಲ್ಯು’ ಎಂದು ಬರೆದು ಟ್ಯಾಬ್ ಒತ್ತಿದಾಗಲೆಲ್ಲ ಆರೂ ಎದುರು ನಿಲ್ಲುತ್ತವೆ. ‘ಸೆಟ್’ ಎಂದು ಕೊಟ್ಟರೆ ವೇರಿಯಬಲ್‌ಗಳ ಹಿಂದೆಯೇ ಇವುಗಳ ಒಡಲೂ ಪರದೆಯ ಮೇಲೆ ಸುರಿಯುತ್ತದೆ. ಕೇಳದೆ ಕೊಟ್ಟ ಇಂಥ ಫಂಕ್ಷನ್‌ಗಳು ನಿಲ್ಲಬೇಕು.

ಕಪ್ಪುಪರದೆ
ಆರು ಸಣ್ಣ ಫಂಕ್ಷನ್‌ಗಳಿಂದ ಯಾರ ಕೆಲಸ ಕೆಟ್ಟಿದೆ? ಸ್ಕ್ರಿಪ್ಟ್ ಓಡುವಾಗ ಬ್ಯಾಶ್ ಪ್ರೊಫೈಲ್ ಫೈಲುಗಳನ್ನು ಓದುವುದೇ ಇಲ್ಲ, ಹಾಗಾಗಿ ಇವು ಅಲ್ಲಿಗೆ ತಲುಪುವುದಿಲ್ಲ. ಹೆಸರಿನ ಮುಂದೆ ‘ಗಾಕ್’ ಎಂದು ಸ್ಪಷ್ಟವಾಗಿದೆ, ಬೇರೆ ಯಾವುದರ ಜೊತೆಗೂ ಡಿಕ್ಕಿಯಾಗದು. ‘ಸೆಟ್’ ಬಗ್ಗೆ ದೂರಿದ್ದರೆ, ಮೊದಲು ಪಾಸಿಕ್ಸ್ (ಶೆಲ್‌ಗಳ ಸಾಮಾನ್ಯ ಮಾನಕ) ಆಯ್ಕೆಯನ್ನು ಹೊತ್ತಿಸಿ ‘ಸೆಟ್’ ಕೊಡಿ. ವೇರಿಯಬಲ್‌ಗಳು ಮಾತ್ರ ಕಾಣುತ್ತವೆ.

ತುಂಗಾತೀರ
ಡಿಕ್ಕಿಯಾಗುವವರೆಗೆ ಕಾಯಬೇಕೆ? ಬ್ಯಾಶ್‌ನಲ್ಲಿ ಫಂಕ್ಷನ್‌ಗಳಿಗೆಲ್ಲ ಇರುವುದು ಒಂದೇ ನಾಮಾವಕಾಶ. ಮಾಡ್ಯೂಲ್ ಇಲ್ಲ, ಬೇಲಿ ಇಲ್ಲ. ಅದೇ ಫೆಡೋರಾದ /ಈಟಿಸಿ/ಪ್ರೊಫೈಲ್ ಫೈಲನ್ನು ತೆರೆದು ನೋಡಿ: ‘ಪಾತ್‌ಮಂಜ್’ ಎಂಬ ಫಂಕ್ಷನ್ ಹುಟ್ಟಿಸಿ, ಕೆಲಸ ಮುಗಿದ ಮೇಲೆ ಕೊನೆಯಲ್ಲಿ ‘ಅನ್‌ಸೆಟ್ -ಎಫ್’ ಕೊಟ್ಟು ತಾನೇ ಅಳಿಸುತ್ತದೆ. ಆರ್ಚ್ ಲಿನಕ್ಸ್‌ನ ಪ್ರೊಫೈಲ್ ಕೂಡ ತನ್ನ ‘ಅಪೆಂಡ್_ಪಾತ್’ ಅನ್ನು ಹೀಗೆಯೇ ತೆಗೆದುಹಾಕುತ್ತದೆ. ಅದನ್ನು ಬರೆದವರಿಗೆ ಈ ಜಾಗ ಎಲ್ಲರದ್ದು ಎಂಬ ಅರಿವು ಇತ್ತು. ಗಾಕ್ ಫೈಲಿನದು ಊರ ಬಾವಿಕಟ್ಟೆಯ ಮೇಲೆ ಬಿಂದಿಗೆ ಬಿಟ್ಟು ಮನೆಗೆ ಹೋದವರ ರೀತಿ.

ಕಪ್ಪುಪರದೆ
ಈ ಹೋಲಿಕೆ ಸರಿಯಲ್ಲ. ಪಾತ್‌ಮಂಜ್ ಆ ಫೈಲಿನ ಒಳಗಿನ ಬಳಕೆಗೆ ಇರುವುದು, ಆದ್ದರಿಂದ ಅಳಿಸಬಹುದು. ಗಾಕ್‌ನ ಫಂಕ್ಷನ್‌ಗಳನ್ನು ಕರೆಯಬೇಕಾದವರು ಬಳಕೆದಾರರು, ಅದೂ ಆಮೇಲೆ. ಅಳಿಸಿದರೆ ಅವು ಇದ್ದೂ ಇಲ್ಲದಂತೆ. ಅವುಗಳಿಗೆ ಒಂದು ಕಾರಣವೂ ಇದೆ. ‘ಆಕ್‌ಪಾತ್’ ವೇರಿಯಬಲ್‌ಗೆ ನಾವು ಬೆಲೆ ಕೊಟ್ಟ ಕ್ಷಣ ಗಾಕ್ ತನ್ನೊಳಗಿನ ಮೂಲ ದಾರಿಯನ್ನು ಬಿಟ್ಟುಬಿಡುತ್ತದೆ. ಆ ಮೂಲ ದಾರಿ ಏನೆಂದು ಗಾಕ್ ಅನ್ನೇ ಕೇಳಿ, ಅದರ ಹಿಂದೆಯೋ ಮುಂದೆಯೋ ನಮ್ಮದನ್ನು ಸೇರಿಸುವುದು ಈ ಫಂಕ್ಷನ್‌ಗಳ ಕೆಲಸ. ಕೈಯಾರೆ ಮಾಡಲು ಹೋದವರು ಸಾಮಾನ್ಯವಾಗಿ ಮರೆಯುವುದು ಇದನ್ನೇ.

ಸರ್ವರ್ ಕಾವಲು
ನೀವಿಬ್ಬರೂ ಬಡಪಾಯಿ ಗಾಕ್ ಮೇಲೆ ಜಗಳವಾಡುತ್ತಿದ್ದೀರಿ. ನಿಜವಾದ ತೊಂದರೆ ಎಕ್ಸ್‌ಪೋರ್ಟ್ ಆದ, ಅಂದರೆ ಶೆಲ್‌ನಿಂದ ಹುಟ್ಟುವ ಪ್ರೋಗ್ರಾಂಗಳಿಗೂ ದಾಟುವ ಫಂಕ್ಷನ್‌ಗಳದ್ದು. ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 8ರಲ್ಲಿ ಆದೇಶ ಯಾವ ಫೈಲಿನಿಂದ ಓಡುತ್ತದೆಂದು ತೋರಿಸುವ ‘ವಿಚ್’ ಎನ್ನುವುದು ಬರಿಯ ಪ್ರೋಗ್ರಾಂ ಅಲ್ಲ, ಅದೇ ಹೆಸರಿನ ಫಂಕ್ಷನ್ ಕೂಡ, ಮತ್ತು ಅದನ್ನು ‘ಎಕ್ಸ್‌ಪೋರ್ಟ್ -ಎಫ್’ ಮಾಡಲಾಗಿದೆ. ಎನ್ವಿರಾನ್‌ಮೆಂಟ್ (ಪ್ರೋಗ್ರಾಂಗಳಿಗೆ ದಾಟುವ ವೇರಿಯಬಲ್‌ಗಳು) ತೋರಿಸುವ ‘ಎನ್ವ್’ ಕೊಟ್ಟರೆ ‘ಬ್ಯಾಶ್_ಫಂಕ್_ವಿಚ್’ ಎಂದು, ಎರಡು ಶೇಕಡಾ ಚಿಹ್ನೆಗಳ ಬಾಲದೊಂದಿಗೆ ಕಾಣಿಸುತ್ತದೆ. ಕಪ್ಪುಪರದೆಯವರೇ, ಸ್ಕ್ರಿಪ್ಟ್‌ಗಳಿಗೆ ತಲುಪುವುದಿಲ್ಲ ಎಂದಿರಿ. ಇದು ತಲುಪುತ್ತದೆ, ಆ ಶೆಲ್‌ನಿಂದ ಹುಟ್ಟುವ ಪ್ರತಿಯೊಂದು ಬ್ಯಾಶ್‌ಗೂ. ಆಲಿಯಾಸ್ (ಆದೇಶದ ಅಡ್ಡಹೆಸರು) ಮತ್ತು ಫಂಕ್ಷನ್‌ಗಳು ಹೊರಗಿನ ಪ್ರೋಗ್ರಾಂಗೆ ಕಾಣುವುದಿಲ್ಲ ಎಂಬ ಕಾರಣಕ್ಕೆ ಹೀಗೆ ಮಾಡಿದ್ದಾರೆ. ಆದರೆ ಅದನ್ನೆಲ್ಲ ಬಲ್ಲ ‘ಟೈಪ್’ ಆದೇಶ ಶೆಲ್ಲಿನೊಳಗೇ ಇದೆಯಲ್ಲ!

ಆ ಶೇಕಡಾ ಬಾಲವಾದರೂ ಏಕೆ ಬಂತು? 2014ರ ಸೆಪ್ಟೆಂಬರ್‌ನಲ್ಲಿ ಶೆಲ್‌ಶಾಕ್ ಎಂಬ ಭದ್ರತಾ ದೋಷ ಬಯಲಾಯಿತು. ಎನ್ವಿರಾನ್‌ಮೆಂಟ್ ಮೂಲಕ ಬಂದ ಫಂಕ್ಷನ್‌ನ ಹಿಂದೆ ಅಂಟಿಸಿದ ಆದೇಶಗಳನ್ನೂ ಬ್ಯಾಶ್ ಓಡಿಸಿಬಿಡುತ್ತಿತ್ತು. ಯಾವ ವೇರಿಯಬಲ್ ಬೇಕಾದರೂ ಫಂಕ್ಷನ್ ಆಗದಿರಲಿ ಎಂದು ಆಮೇಲೆ ಹೆಸರಿಗೆ ಈ ವಿಶೇಷ ಗುರುತು ಬಂತು. ಇಷ್ಟೆಲ್ಲ ಆದ ಮೇಲೂ ವಿತರಣೆಯೊಂದು ಎಲ್ಲರ ಪರವಾಗಿ ಫಂಕ್ಷನ್ ಎಕ್ಸ್‌ಪೋರ್ಟ್ ಮಾಡುವುದನ್ನು ನಾನು ಒಪ್ಪಲಾರೆ.

ಕಪ್ಪುಪರದೆ
ಎಕ್ಸ್‌ಪೋರ್ಟ್ ವಿಷಯದಲ್ಲಿ ನಿಮ್ಮ ಮಾತು ಒಪ್ಪಿದೆ. ಗಾಕ್ ವಿಷಯದಲ್ಲಿ ಇನ್ನೂ ಇಲ್ಲ.

ಕಲಿಯುವ ಹುಡುಗಿ
ಒಂದು ಸಂಶಯ. ಅಂಡರ್‌ಸ್ಕೋರ್‌ನಿಂದ (ಅಡಿಗೆರೆಯಿಂದ) ಶುರುವಾಗುವ ಹೆಸರುಗಳೂ ಪಟ್ಟಿಯಲ್ಲಿ ತುಂಬಿವೆ. ಎಲ್ಲವನ್ನೂ ಒಟ್ಟಿಗೆ ಅಳಿಸಿಬಿಡಬಹುದೇ?

ಸರ್ವರ್ ಕಾವಲು
ದಯವಿಟ್ಟು ಹಾಗೆ ಮಾಡಬೇಡಿ. ಅವುಗಳಲ್ಲಿ ಬಹುಪಾಲು, ಟ್ಯಾಬ್ ಒತ್ತಿದಾಗ ಹೆಸರನ್ನು ಪೂರ್ತಿ ಮಾಡುವ ಬ್ಯಾಶ್-ಕಂಪ್ಲೀಷನ್‌ನವು, ಅಳಿಸಿದರೆ ಟ್ಯಾಬ್ ಪೂರಣ ಕೆಡುತ್ತದೆ. ‘ವಿಟಿಇ’ ಎಂಬ ಅಕ್ಷರಗಳಿರುವವು ಟರ್ಮಿನಲ್ ಕಿಟಕಿಗೆ ಈಗಿನ ಡೈರೆಕ್ಟರಿ ಯಾವುದೆಂದು ತಿಳಿಸುತ್ತವೆ. ಪ್ರಾಂಪ್ಟ್ ಬಂದಾಗಲೆಲ್ಲ ಶೆಲ್ ಅವುಗಳನ್ನು ಕರೆಯುವುದರಿಂದ, ಅಳಿಸಿದರೆ ಪ್ರತಿ ಸಾಲಿಗೂ ದೋಷಸಂದೇಶ ಬರುತ್ತದೆ.

ತುಂಗಾತೀರ
ಬ್ಯಾಶ್-ಕಂಪ್ಲೀಷನ್ ಬಗ್ಗೆ ಒಂದು ಒಳ್ಳೆಯ ಮಾತು ಹೇಳಲೇಬೇಕು. ಹಿಂದೆ ಅದು ‘ಕೋಟ್’, ‘ಡಿಕೋಟ್’ ಎಂಬ ಬೋಳು ಹೆಸರುಗಳನ್ನೇ ಶೆಲ್ಲಿಗೆ ತರುತ್ತಿತ್ತು. ನೀವು ‘ಕೋಟ್’ ಎಂಬ ಸ್ಕ್ರಿಪ್ಟ್ ಬರೆದು ಪಾತ್‌ನಲ್ಲಿ (ಶೆಲ್ ಪ್ರೋಗ್ರಾಂ ಹುಡುಕುವ ಡೈರೆಕ್ಟರಿಗಳಲ್ಲಿ) ಇಟ್ಟರೆ ಓಡುವುದು ಅವರ ಫಂಕ್ಷನ್, ಏಕೆಂದರೆ ಶೆಲ್ ಫಂಕ್ಷನ್‌ಗಳನ್ನು ನೋಡಿದ ಮೇಲಷ್ಟೇ ಪಾತ್ ಹುಡುಕುತ್ತದೆ. 2.0 ಆವೃತ್ತಿಯ ಹೊತ್ತಿಗೆ ಪೂರಣದ ಫೈಲುಗಳು ಬೇಕಾದಾಗ ಮಾತ್ರ ಒಳಗೆ ಬರತೊಡಗಿದವು. 2.12ರ ಹೊತ್ತಿಗೆ ಹೆಸರುಗಳು ‘_ಕಾಂಪ್_’ ಎಂಬ ಮುನ್ನೊಟ್ಟಿನ (ಹೆಸರಿನ ಆರಂಭದ ಗುರುತಿನ) ಅಡಿಗೆ ಬಂದವು. ಅಷ್ಟು ದೊಡ್ಡ ಯೋಜನೆಗೆ ಸಾಧ್ಯವಾದದ್ದು ಆರು ಫಂಕ್ಷನ್‌ಗಳ ಫೈಲಿಗೆ ಸಾಧ್ಯವಾಗದೇ?

ಫಿಶ್ ಶೆಲ್ ಇನ್ನೂ ಮುಂದೆ ಹೋಗಿದೆ: ಒಂದು ಫಂಕ್ಷನ್‌ಗೆ ಒಂದು ಫೈಲ್, ಕರೆದಾಗಲೇ ಓದುವುದು. ‘ಫಂಕ್ಷನ್ಸ್’ ಎಂದು ಕೇಳಿದರೆ ಅಂಡರ್‌ಸ್ಕೋರ್‌ನ ಹೆಸರುಗಳನ್ನು ತಾನಾಗಿ ಮರೆಮಾಡುತ್ತದೆ.

ಕಪ್ಪುಪರದೆ
ವಿಂಡೋಸ್‌ನ ಪವರ್‌ಶೆಲ್‌ನಲ್ಲಿ ‘ಎ:’ ಇಂದ ‘ಝಡ್:’ ವರೆಗೆ ಪ್ರತಿ ಡ್ರೈವ್ ಅಕ್ಷರಕ್ಕೂ ಒಂದು ಫಂಕ್ಷನ್ ಮೊದಲೇ ಇರುತ್ತದೆ. ಪಟ್ಟಿ ನೋಡಿದವರಿಗೆ ಅದು ಕಸ. ಆದರೆ ‘ಡಿ:’ ಎಂದು ಬರೆದು ಎಂಟರ್ ಒತ್ತಿದಾಗ ಡ್ರೈವ್ ಬದಲಾಗುವುದು ಅದರಿಂದಲೇ. ಪಟ್ಟಿಯ ಉದ್ದ ನೋಡಿ ತೀರ್ಪು ಕೊಡಬೇಡಿ ಎನ್ನುವುದಷ್ಟೇ ನನ್ನ ವಾದ.

ತುಂಗಾತೀರ
ಡ್ರೈವ್ ಬದಲಿಸುವುದು ಎಲ್ಲರಿಗೂ ಬೇಕು. ಆಕ್‌ಪಾತ್ ಬದಲಿಸುವುದು ಬೇಕಾದವರಿಗೆ ಆ ಫೈಲನ್ನು ಬೇರೆ ಕಡೆ ಇಟ್ಟು, ‘ಬೇಕಿದ್ದರೆ ನಿಮ್ಮ ಬ್ಯಾಶ್‌ಆರ್‌ಸಿಯಲ್ಲಿ (ಬ್ಯಾಶ್ ಶುರುವಾದಾಗ ಓದುವ ನಿಮ್ಮ ಫೈಲಿನಲ್ಲಿ) ಇದನ್ನು ಸೋರ್ಸ್ ಮಾಡಿ, ಅಂದರೆ ಓದಿಸಿ’ ಎಂದು ಕೈಪಿಡಿಯಲ್ಲಿ ಒಂದು ಸಾಲು ಬರೆದರೆ ಸಾಕು.

ಕಪ್ಪುಪರದೆ
ಆ ಸಾಲನ್ನು ಓದುವವರು ಎಷ್ಟು ಮಂದಿ? ಹುಡುಕಿದರೂ ಕಾಣದ ಸೌಲಭ್ಯ ಸೌಲಭ್ಯವಲ್ಲ. ಇಲ್ಲಿ ನಮ್ಮ ದಾರಿ ಬೇರೆಯೇ.

ಕಲಿಯುವ ಹುಡುಗಿ
ಹಾಗಾದರೆ ಆ ಆರನ್ನು ಮಾತ್ರ ತೆಗೆಯಬೇಕಿದ್ದರೆ ಎಲ್ಲಿ ಬರೆಯಲಿ?

ಸರ್ವರ್ ಕಾವಲು
ನಿಮ್ಮ ಹೋಮ್ ಡೈರೆಕ್ಟರಿಯ ಬ್ಯಾಶ್‌ಆರ್‌ಸಿಯ ಕೊನೆಯಲ್ಲಿ. ‘ಅನ್‌ಸೆಟ್ -ಎಫ್’ ಎಂದು ಬರೆದು ಮುಂದೆ ಆರೂ ಹೆಸರುಗಳನ್ನು ಕೊಡಿ. ಅದು /ಈಟಿಸಿ/ಬ್ಯಾಶ್‌ಆರ್‌ಸಿಯನ್ನು ಕರೆಯುವ ಸಾಲಿನ ಕೆಳಗೇ ಇರಬೇಕು, ಮೇಲಿದ್ದರೆ ಅಳಿಸಿದ ಮೇಲೆ ಅವು ಮತ್ತೆ ಹುಟ್ಟುತ್ತವೆ. ಪ್ರೊಫೈಲ್.ಡಿಯ ಫೈಲನ್ನೇ ಅಳಿಸಲು ಹೋಗಬೇಡಿ, ಆ ಯಂತ್ರವನ್ನು ಬಳಸುವ ಬೇರೆಯವರಿಗೂ ಅದು ತಟ್ಟುತ್ತದೆ.