ಒತ್ತಡ ಸರಿ ಬರುತ್ತಿದೆ, ಮೆದುಳಿನ ಚಲನೆ ಮಾತ್ರ ಉಲ್ಟಾ. ತಪ್ಪು ಎಲ್ಲಿ?

ಮೆಶ್_ಮಂಡ್ಯ:
ನಮಸ್ಕಾರ. ಎಂಟೆಕ್ ಪ್ರಾಜೆಕ್ಟ್‌ಗೆ ತಲೆಯ ಎಫ್‌ಇ (ಫೈನೈಟ್ ಎಲಿಮೆಂಟ್, ಅಂದರೆ ಚಿಕ್ಕ ತುಂಡುಗಳಾಗಿ ಒಡೆದು ಲೆಕ್ಕ ಹಾಕುವ) ಮಾಡೆಲ್ ಮಾಡುತ್ತಿದ್ದೇನೆ, ಸಾಲ್ವರ್ ಎಲ್‌ಎಸ್-ಡೈನಾ. ಮೊದಲು ನಹೂಮ್ 1977ರಲ್ಲಿ ಶವದ ತಲೆಗಳ ಮೇಲೆ ಮಾಡಿದ ಪ್ರಯೋಗಗಳಲ್ಲಿ 37ನೆಯದನ್ನು ಹಾಕಿದೆ. 5.59 ಕೆಜಿ ಇಂಪ್ಯಾಕ್ಟರ್ 9.94 ಮೀ/ಸೆ ವೇಗದಲ್ಲಿ ಹಣೆಗೆ ಬಡಿಯುವ ಕೇಸು. ಹಣೆ ಕಡೆಯ ಒತ್ತಡದ ಗ್ರಾಫ್ ಪ್ರಯೋಗದ ಗೆರೆ ಮೇಲೇ ಕೂತಿತು, ತುಂಬಾ ಖುಷಿಯಾಯಿತು. ಅದೇ ಮಾಡೆಲ್‌ಗೆ ವೇಯ್ನ್ ಸ್ಟೇಟ್ ವಿಶ್ವವಿದ್ಯಾಲಯದ ಹಾರ್ಡಿ 2001ರ ಡೇಟಾ (ಶವದ ತಲೆಯೊಳಗೆ ಮೆದುಳಿನ ಚಲನೆ ಅಳೆದದ್ದು) ಕೊಟ್ಟರೆ ಎಲ್ಲ ಕೆಟ್ಟುಹೋಯಿತು. ಟಾರ್ಗೆಟ್ (ಮೆದುಳಿನೊಳಗೆ ಇಟ್ಟ ಗುರುತು) 3 ಮಿಮೀ ಹತ್ತಿರ ಸರಿಯಬೇಕು, ನನ್ನದು 1 ಮಿಮೀ ಕೂಡ ಇಲ್ಲ, ಅದೂ ಎದುರು ದಿಕ್ಕಿಗೆ. ಮೆಶ್ ಎರಡು ಸಲ ಸಣ್ಣ ಮಾಡಿದೆ, ಏನೂ ಬದಲಾಗಲಿಲ್ಲ. ಒತ್ತಡ ಸರಿ ಬಂದರೆ ಮೆಟೀರಿಯಲ್ ಸರಿ ಇದೆ ಅಂತ ತಾನೇ ಅರ್ಥ?

ಶಿಯರ್_ಶಿರಸಿ:
ಅಲ್ಲ, ಇಲ್ಲೇ ತುಂಬಾ ಜನ ಎಡವುತ್ತಾರೆ. ಸುಮ್ನೆ ಒಂದು ಲೆಕ್ಕ ಹಾಕಿ: ಸಾಂದ್ರತೆ ಘನ ಮೀಟರಿಗೆ 1040 ಕೆಜಿ, ವೇಗೋತ್ಕರ್ಷ 200 ಜಿ, ಮೆದುಳಿನ ಅರ್ಧ ಉದ್ದ 8 ಸೆಂಮೀ, ಮೂರನ್ನೂ ಗುಣಿಸಿದರೆ 160 ಕಿಲೋಪಾಸ್ಕಲ್ ಆಸುಪಾಸು ಬರುತ್ತದೆ. ನಹೂಮ್ ಅಳೆದದ್ದೂ ಹೆಚ್ಚುಕಡಿಮೆ ಅಷ್ಟೇ. ಅಂದರೆ ನೀರು ತುಂಬಿದ ಡಬ್ಬಿಯೂ ಆ ಟೆಸ್ಟ್ ಪಾಸಾಗುತ್ತದೆ! ಮೆದುಳಿನ ಬಲ್ಕ್ ಮಾಡ್ಯುಲಸ್ (ಹಿಂಡಿ ಕುಗ್ಗಿಸುವುದಕ್ಕೆ ಒಡ್ಡುವ ಪ್ರತಿರೋಧ) ನೀರಿನಂತೆ 2 ಗಿಗಾಪಾಸ್ಕಲ್ ಹತ್ತಿರ, ಶಿಯರ್ ಮಾಡ್ಯುಲಸ್ (ಆಕಾರ ಓರೆಯಾಗುವುದಕ್ಕೆ ಒಡ್ಡುವ ಪ್ರತಿರೋಧ) ಕೆಲವೇ ಕಿಲೋಪಾಸ್ಕಲ್. ಎರಡರ ನಡುವೆ ಲಕ್ಷಗಟ್ಟಲೆ ಪಟ್ಟು ವ್ಯತ್ಯಾಸ ಇರುವುದರಿಂದ ಶಿಯರ್ ಸಂಖ್ಯೆ ಎಷ್ಟೇ ತಪ್ಪಿದ್ದರೂ ಒತ್ತಡದ ಗ್ರಾಫ್‌ನಲ್ಲಿ ಅದು ಕಾಣಿಸುವುದೇ ಇಲ್ಲ.

ಗಟ್ಟಿ ಮೊಸರಿನ ಪಾತ್ರೆಯನ್ನು ಥಟ್ಟನೆ ತಿರುಗಿಸಿ ನೋಡಿ. ಪಾತ್ರೆ ತಿರುಗುತ್ತದೆ, ಮೊಸರು ಹಿಂದೆ ಉಳಿಯುತ್ತದೆ, ಅಂಚಿನ ಹತ್ತಿರ ಬಿರುಕು ಬಿಡುತ್ತದೆ. ಹೋಲ್ಬರ್ನ್ 1943ರಲ್ಲೇ ಜೆಲಾಟಿನ್ ಇಟ್ಟು ಹೇಳಿದ್ದು ಇದನ್ನೇ. ಆಕ್ಸಾನುಗಳಿಗೆ (ನರಕೋಶಗಳ ಉದ್ದನೆಯ ಎಳೆಗಳಿಗೆ) ಪೆಟ್ಟು ಕೊಡುವುದು ಈ ಎಳೆತ. ಅದಕ್ಕೇ ಹಾರ್ಡಿ ಟೆಸ್ಟ್ ಮುಖ್ಯ, ಅದು ಚಲನೆಯನ್ನೇ ಅಳೆಯುತ್ತದೆ.

ನಿಮ್ಮ ಶಿಯರ್ ಮಾಡ್ಯುಲಸ್ ಎಷ್ಟು? ಝಡ್ ಅಕ್ಷ ಯಾವ ಕಡೆ? ಸ್ಥಾನಾಂತರವನ್ನು ತಲೆಬುರುಡೆಗೆ ಹೋಲಿಸಿ ತೆಗೆದಿದ್ದೀರಾ?

ಮೆಶ್_ಮಂಡ್ಯ:
ಬುರುಡೆಗೆ ಹೋಲಿಸಿಯೇ ತೆಗೆದದ್ದು. ಶಿಯರ್ 34 ಕಿಲೋಪಾಸ್ಕಲ್, ಹಳೆಯ ಲೇಖನದ್ದು. ಝಡ್ ಮೇಲಕ್ಕೆ.

ಶಿಯರ್_ಶಿರಸಿ:
ಸಿಕ್ಕಿತು. ಇಂಥ ಪೆಟ್ಟಿನ ಟೆಸ್ಟ್‌ಗಳಲ್ಲಿ ಬಳಸುವ ಎಸ್‌ಎಇ ಜೆ211 ಪದ್ಧತಿಯಲ್ಲಿ ಎಕ್ಸ್ ಮುಂದಕ್ಕೆ, ವೈ ಬಲಕ್ಕೆ, ಝಡ್ ಕೆಳಕ್ಕೆ. ನಿಮ್ಮದರಲ್ಲಿ ವೈ ಎಡಕ್ಕಿದೆ, ಹಾಗಾಗಿ ತಲೆ ಮುಂದೆ ಬಾಗುವ ಬದಲು ಹಿಂದೆ ವಾಲುತ್ತಿದೆ. ವೈ, ಝಡ್ ಎರಡರ ಚಿಹ್ನೆಯನ್ನೂ ಬದಲಿಸಿ. ಕೋನೀಯ ವೇಗಕ್ಕೂ ಮಾಡಬೇಕು, ರೇಖೀಯ ವೇಗಕ್ಕೂ ಮಾಡಬೇಕು. ನಹೂಮ್ ಪೆಟ್ಟು ಎಕ್ಸ್ ಕಡೆಯಿಂದ, ಅದಕ್ಕೇ ಅಲ್ಲಿ ಸಿಕ್ಕಿಬೀಳಲಿಲ್ಲ. ಇನ್ನು 34 ಜಾಸ್ತಿ ಗಟ್ಟಿ. ಇಳಿಸಿ, ಅವರ್‌ಗ್ಲಾಸ್ ಎನರ್ಜಿ (ಮೆಶ್ ತುಂಡುಗಳ ನಿಜವಲ್ಲದ ವಿರೂಪಕ್ಕೆ ಹೋಗುವ ಶಕ್ತಿ) 10%ಕ್ಕಿಂತ ಕೆಳಗಿದೆಯಾ ನೋಡಿ, ಮೆತ್ತಗಾದಷ್ಟೂ ಅದು ಏರುತ್ತದೆ.

ಮೆಶ್_ಮಂಡ್ಯ:
ದಿಕ್ಕು ಸರಿಯಾಯಿತು ಸರ್! ಶಿಯರ್ ಇಳಿಸಿದೆ, ಈಗ 2.6 ಮಿಮೀ. ಅವರ್‌ಗ್ಲಾಸ್ 4%. ಇನ್ನು ವ್ಯಾಲಿಡೇಟ್ ಆಯಿತು ಅಂತ ಬರೆಯಬಹುದಾ?

ಶಿಯರ್_ಶಿರಸಿ:
ಇನ್ನೂ ಇಲ್ಲ. ಈ ಟೆಸ್ಟ್ ನೋಡಿಕೊಂಡೇ ಸಂಖ್ಯೆ ಇಳಿಸಿದ್ದೀರಿ, ಅದು ಕ್ಯಾಲಿಬ್ರೇಶನ್. ಈಗ ಮೆಟೀರಿಯಲ್ ಮುಟ್ಟದೆ ಪಕ್ಕದಿಂದ ಬಿದ್ದ ಪೆಟ್ಟಿನ ಟೆಸ್ಟ್ ಒಂದನ್ನು ಓಡಿಸಿ, ಟಾರ್ಗೆಟ್‌ಗಳೆಲ್ಲದರ ಗ್ರಾಫ್ ಇಲ್ಲಿ ಹಾಕಿ. ಸರಿ ಬಾರದವನ್ನೂ ಹಾಕಿ.