ಸಹಾಯ ಬೇಕು: ವಾರ್ಡ್ ಡ್ಯೂಟಿ ಬಿಟ್ಟ ಮೇಲೆ ನರ್ಸ್‌ಗಳಿಗೆ ಏನು ದಾರಿ?

ಎಲ್ಲರಿಗೂ ನಮಸ್ಕಾರ. ಊರು ಗದಗ ಕಡೆ, ಇರೋದು ಮುಂಬೈ ಹತ್ತಿರದ ಡೊಂಬಿವಲಿ. ಬಿಎಸ್ಸಿ ನರ್ಸಿಂಗ್ ಮುಗಿಸಿದಾಗಿನಿಂದ ಐಸಿಯುನಲ್ಲೇ ಇದ್ದೇನೆ. ಪೇಷಂಟ್‌ಗಳನ್ನು ಹೊರಳಿಸಿ ಹೊರಳಿಸಿ ಸೊಂಟ ಹೋಗಿದೆ, ನೈಟ್ ಮುಗಿಸಿ ಲೋಕಲ್‌ನಲ್ಲಿ ನಿಂತಲ್ಲೇ ತೂಕಡಿಸುತ್ತೇನೆ. ಸಾಕಾಗಿದೆ.

ಇನ್ಶೂರೆನ್ಸ್ ಟಿಪಿಎಗಳಲ್ಲಿ (ವಿಮಾ ಕಂಪನಿಗಳ ಪರವಾಗಿ ಆರೋಗ್ಯ ಕ್ಲೇಮ್ ನಿಭಾಯಿಸುವ ಸಂಸ್ಥೆಗಳು) ಕ್ಲೇಮ್ ನೋಡಲು ನರ್ಸ್‌ಗಳನ್ನು ತೆಗೆದುಕೊಳ್ಳುತ್ತಾರೆ, ಕೇಸ್ ಶೀಟ್ ಓದಲು ಬರುತ್ತಲ್ಲ. ಮೆಡಿಕಲ್ ಕೋಡಿಂಗ್ (ರೋಗ, ಚಿಕಿತ್ಸೆಗಳನ್ನು ಬಿಲ್ಲಿಗಾಗಿ ಕೋಡ್‌ಗಳಲ್ಲಿ ಬರೆಯುವ ಕೆಲಸ) ಕೂಡ ಇದೆ, ಆದರೆ ದಿನವಿಡೀ ಸ್ಕ್ರೀನ್ ಮುಂದೆ ಕೂರೋದು ನನ್ನ ಕೈಲಾಗಲ್ಲ.

ನಿಜವಾಗಿ ಮನಸ್ಸಿರುವುದು ಸ್ವಂತ ಹೋಮ್‌ಕೇರ್ ಮೇಲೆ: ಆಪರೇಷನ್ ಆಗಿ ಮನೆಗೆ ಬಂದವರಿಗೆ ಡ್ರೆಸಿಂಗ್, ಕ್ಯಾಥೆಟರ್ ಬದಲಿಸುವುದು, ಮೂಗಿನ ಟ್ಯೂಬ್‌ನಲ್ಲಿ ಊಟ ಕೊಡುವುದನ್ನು ಮನೆಯವರಿಗೆ ಕಲಿಸುವುದು, ಇಂಥವು. ಮಕ್ಕಳು ಹೊರದೇಶದಲ್ಲಿ, ಇಲ್ಲಿ ವಯಸ್ಸಾದವರು ಮಾತ್ರ, ಅಂಥ ಮನೆಗಳು ಈ ಕಡೆ ಬೇಕಾದಷ್ಟಿವೆ. ನರ್ಸಿಂಗ್ ಕೌನ್ಸಿಲ್ ನೋಂದಣಿ ಕರ್ನಾಟಕದಿಂದ ಮಹಾರಾಷ್ಟ್ರಕ್ಕೆ ಬದಲಿಸಿಕೊಂಡಿದ್ದೇನೆ. ಸಣ್ಣ ಉದ್ಯಮಗಳಿಗಿರುವ ಉದ್ಯಮ್ ನೋಂದಣಿ ಸರ್ಕಾರಿ ಪೋರ್ಟಲ್‌ನಲ್ಲಿ ಪೂರ್ತಿ ಉಚಿತ (ಏಜೆಂಟರು ಸುಮ್ನೆ ದುಡ್ಡು ಕೇಳ್ತಾರೆ, ಕೊಡಬೇಡಿ).

ಠಾಣೆ, ಕಲ್ಯಾಣ್ ಕಡೆ ಇದನ್ನೇ ಮಾಡುತ್ತಿರುವ ಅಕ್ಕಂದಿರು, ಅಣ್ಣಂದಿರು ಇದ್ದರೆ ಹೇಳಿ. ಒಂದು ವಿಸಿಟ್‌ಗೆ ಎಷ್ಟು ತೆಗೆದುಕೊಳ್ಳುತ್ತೀರಿ? ಡಾಕ್ಟರ್ ಚೀಟಿ ಇಲ್ಲದೆ ಇಂಜೆಕ್ಷನ್ ಹಾಕಿ ಅಂತ ಮನೆಯವರು ಹಟ ಹಿಡಿದರೆ ಹೇಗೆ ಸಂಭಾಳಿಸ್ತೀರಿ? ಜರ್ಮನಿಗೆ ಹೋಗು ಅಂತ ಮಾತ್ರ ಹೇಳಬೇಡಿ, ಅತ್ತೆಯನ್ನು ಬಿಟ್ಟು ಹೋಗೋ ಹಾಗಿಲ್ಲ.