ಎರಡು ಏರ್‌ಪೋರ್ಟ್ ನಡುವಿನ ದೂರ, ಸಮಯ ಲೆಕ್ಕ ಹಾಕೋದು ಹೇಗೆ?

ಪ್ರಶ್ನೆ: ಎರಡೂ ಏರ್‌ಪೋರ್ಟ್‌ಗಳ ಅಕ್ಷಾಂಶ, ರೇಖಾಂಶ ಇವೆ. ಮ್ಯಾಪ್ ಮೇಲೆ ಸ್ಕೇಲ್ ಇಟ್ಟು ಅಳೆದರೆ ಬರುವ ದೂರಕ್ಕೂ ಆ್ಯಪ್ ತೋರಿಸುವ ದೂರಕ್ಕೂ ತಾಳೆಯೇ ಆಗುತ್ತಿಲ್ಲ. ಸಮಯವನ್ನೂ ಅಂದಾಜು ಮಾಡಬೇಕು. ಹೇಗೆ?

ಉತ್ತರ 1: ಮ್ಯಾಪ್ ಬಿಡಿ, ಭೂಮಿ ಚಪ್ಪಟೆಯಾಗಿಲ್ಲ ಅಲ್ವಾ? ಗೋಳದ ಮೇಲಿನ ಎರಡು ಜಾಗಗಳ ನಡುವಿನ ದೂರ ಕೊಡುವ ಹಾವರ್‌ಸೈನ್ ಸೂತ್ರ ಬಳಸಿ, ಭೂಮಿಯ ತ್ರಿಜ್ಯ 6,371 ಕಿ.ಮೀ. ಡಿಗ್ರಿಯನ್ನು ಮೊದಲು ರೇಡಿಯನ್‌ಗೆ (ಕೋನದ ಇನ್ನೊಂದು ಅಳತೆ) ಬದಲಾಯಿಸಿ, ಪಶ್ಚಿಮ ರೇಖಾಂಶಕ್ಕೆ ಮೈನಸ್ ಹಾಕಿ, ಇವೆರಡನ್ನು ಬಿಟ್ಟರೆ ಉತ್ತರ ಎಲ್ಲೆಲ್ಲೋ ಹೋಗುತ್ತದೆ. ಲಂಡನ್ ಹೀಥ್ರೂ–ನ್ಯೂಯಾರ್ಕ್ ಜೆಎಫ್‌ಕೆ ಹಾಕಿ ನೋಡಿ. ಸುಮಾರು 5,540 ಕಿ.ಮೀ. ಬರಬೇಕು.

ಉತ್ತರ 2: ಸಮಯಕ್ಕೆ, ದೂರವನ್ನು 850ರಿಂದ (ವಿಮಾನದ ಅಂದಾಜು ವೇಗ, ಗಂಟೆಗೆ ಕಿ.ಮೀ.) ಭಾಗಿಸಿ, ಏರುವುದಕ್ಕೆ ಇಳಿಯುವುದಕ್ಕೆ ಅಂತ ಅರ್ಧ ಗಂಟೆ ಸೇರಿಸಿ. ಆದರೆ ಗಾಳಿಯನ್ನು ಮರೆಯಬೇಡಿ. ಜೆಟ್ ಸ್ಟ್ರೀಮ್, ಅಂದರೆ ತುಂಬಾ ಎತ್ತರದ ಜೋರು ಗಾಳಿ, ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತದೆ, ಹಾಗಾಗಿ ಇದೇ ದಾರಿಯಲ್ಲಿ ನ್ಯೂಯಾರ್ಕ್‌ಗೆ ಹೋಗುವಾಗ ವಾಪಸ್ ಬರುವುದಕ್ಕಿಂತ ಸುಮಾರು ಒಂದು ಗಂಟೆ ಜಾಸ್ತಿ ಹಿಡಿಯುತ್ತದೆ.

ಕೇಳಿದವರು: 5,540 ಬಂತು, ಥ್ಯಾಂಕ್ಸ್! ಆದರೆ ಟಿಕೆಟ್‌ನಲ್ಲಿರುವ ಸಮಯ ಕಳೆದರೆ ಮೂರೇ ಗಂಟೆ ಬರುತ್ತಿದೆಯಲ್ಲ?

ಉತ್ತರ 2: ಅವು ಆಯಾ ಊರಿನ ಸಮಯ. ಎರಡನ್ನೂ ಯುಟಿಸಿಗೆ (ಜಗತ್ತಿಗೆಲ್ಲ ಒಂದೇ ಆದ ಪ್ರಮಾಣಿತ ಸಮಯ) ತಂದು ಆಮೇಲೆ ಕಳೆಯಿರಿ, ಸುಮಾರು ಎಂಟು ಗಂಟೆ ಸಿಗುತ್ತದೆ. ಟಿಕೆಟ್ ಲೆಕ್ಕ ಗೇಟ್‌ನಿಂದ ಗೇಟ್‌ಗೆ, ರನ್‌ವೇಗೆ ಕಾಯುವ ಹೊತ್ತೂ ಅದರಲ್ಲೇ ಸೇರಿರುತ್ತದೆ.